ನಾಲ್ಕರಲ್ಲಿ ನಾಲ್ಕು ಕಳೆದರೆ

ಸಂಜೆ ಕಾಲೇಜಿನಲ್ಲಿ ಓದಿ ಟೀಚರ್ ಆದವಳು ನಾನು. ಶಿಕ್ಷಣದ ವಿಷಯ ಬಲ್ಲವರ ಮುಂದೆ ಇದನ್ನು ಹೇಳಹೊರಟಿದ್ದಕ್ಕೆ ಕ್ಷಮೆ ಇರಲಿ.

ಎರಡನೇ ತರಗತಿಗೆ ಆಟದ ಮೂಲಕ ಲೆಕ್ಕ ಕಲಿಸಿ ಎಂದು ತರಬೇತಿಯಲ್ಲಿ ಹೇಳಿ ಕಳಿಸಿದ್ದರು. ಭದ್ರಾವತಿಯ ನಮ್ಮ ಶಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದೆ. ಮಕ್ಕಳು ಕವಡೆ ಎಸೆದು ಕೂಗಾಡುತ್ತಿದ್ದರು. ಪಕ್ಕದ ಕೋಣೆಯಿಂದ ಮಗ್ಗಿ ಕೇಳಿದಾಗಲೆಲ್ಲ ನಾನು ಎದ್ದು ಬಾಗಿಲು ಮುಂದೆ ಮಾಡುತ್ತಿದ್ದೆ.

ಒಂದು ಶುಕ್ರವಾರ ರಂಜಿನಿಯ ಅಪ್ಪ ಶಿವಪ್ರಸಾದ್ ಕಾರ್ಖಾನೆಯ ಪಾಳಿ ಮುಗಿಸಿ ನೇರವಾಗಿ ಬಂದರು.

"ಟಿಸಿ ಕೊಡ್ಸಿ ಟೀಚರ್. ಶಿವಮೊಗ್ಗದಲ್ಲಿ ಸವಳಂಗ ರಸ್ತೇಲಿ ಒಂದು ಕಾನ್ವೆಂಟ್ ನೋಡಿದೀನಿ. ಆಟ ಆಡ್ಸೋಕೆ ನಮ್ಮ ಬೀದಿ ಸಾಲ್ದಾ?"

ಮಗಳನ್ನು ಕರೆದು ಬೋರ್ಡಿನ ಮೇಲೆ ಬರೆದರು: 4 – 4. ರಂಜಿನಿ 8 ಎಂದು ಉತ್ತರ ಬರೆದಳು.

"ನೋಡಿ, ನಿಮ್ಮ ಪಾಠ!"

"ಯಾಕೆ ಎಂಟು ಪುಟ್ಟಿ?"

"ನಾಲ್ಕೂ ಮಗುಚಿ ಬಿದ್ರೆ ಎಂಟಲ್ವಾ ಟೀಚರ್?"

ಶಿವಪ್ರಸಾದ್ ನಗು ತಡೆಯಲಾರದೆ, "ಬಾರ!" ಎಂದರು. ಒಂದು ಕವಡೆಯೂ ಬಾಯಿ ಬಿಡದೆ ಬಿದ್ದರೆ ಎಂಟು ಮನೆ ನಡೆಸುವುದು ನಮ್ಮ ಕಡೆಯ ಆಟ. ಅವರೂ ಆಡಿ ಬೆಳೆದವರೇ.

ಅವರು ಮತ್ತೆ ಗಂಭೀರವಾಗುವ ಮೊದಲೇ, "ಒಂದಾಟ ಆಡಿ ಹೋಗಿ ಸಾರ್" ಎಂದುಬಿಟ್ಟೆ. ಹೇಳಿದ ಮೇಲೆ ಹೆದರಿಕೆಯಾಯಿತು.

ಚಪ್ಪಲಿ ಬಿಟ್ಟು ಕೂತರು. ಕೆಲವು ಸುತ್ತಿನ ನಂತರ ರಂಜಿನಿಗೆ ಬಾರ ಬಿತ್ತು. ಮನೆ ಎಣಿಸದೆ, ಕಾಯಿಯನ್ನು ಎತ್ತಿ ನೇರವಾಗಿ ಅಪ್ಪನ ಕಾಯಿಯ ಮೇಲಿಟ್ಟಳು. "ಕಡ್ದೆ!"

"ಏ ಮಾರಾಯ್ತಿ, ಮೋಸ! ಎಣಿಸ್ಲೇ ಇಲ್ಲ." ಅವರೇ ಬೆರಳಿಟ್ಟು ಎಣಿಸಿದರು. ಸರಿಯಾಗಿ ಎಂಟು. "ಹೆಂಗೆ ಗೊತ್ತಾಯ್ತೇ?"

"ಮೂಲೆಗೆ ಒಂದು, ಆಚೆ ಮೂಲೆಗೆ ನಾಲ್ಕು, ಇನ್ನು ಮೂರು. ನೀನು ಸೋತೆ, ಅಳ್ಬೇಡ."

ಶಿವಪ್ರಸಾದ್ ಎದ್ದು ಪ್ಯಾಂಟಿನ ಸುಣ್ಣ ಕೊಡವಿಕೊಂಡರು.

"ಆಟದಲ್ಲಿ ಸರಿ ಟೀಚರ್. ಪರೀಕ್ಷೇಲಿ ಕವಡೆ ಕೊಡ್ತಾರಾ?"

"ಕಳೆಯುವುದನ್ನೂ ಸರಿಯಾಗಿ ಕಲಿಸ್ತೀನಿ, ಸಮಯ ಕೊಡಿ" ಎಂದೆ.

"ಸೋಮವಾರ ಹೇಳ್ತೀನಿ."

ಎರಡು ದಿನ ಶಿವಮೊಗ್ಗದ ರವೀಂದ್ರನಗರದ ನನ್ನ ಮನೆಯಲ್ಲಿ ಅಡುಗೆ ಮಾಡುತ್ತಲೂ ಅದೇ ಯೋಚನೆ: ಮಗು ಬುದ್ಧಿ ಓಡಿಸಿದ್ದು ನಿಜವೋ, ಹಾಗೆಂದು ನನ್ನ ಆಸೆಯೋ?

ಸೋಮವಾರ ಬಸ್ಸಿಳಿದು ಓಡುತ್ತಲೇ ಹೋದೆ. ರಂಜಿನಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಟಿಸಿ ಕೇಳಿಕೊಂಡು ಯಾರೂ ಬರಲಿಲ್ಲ.

ಅವಳಪ್ಪನಿಗೆ ಆಟದ ಮೇಲೆ ನಂಬಿಕೆ ಬಂತೋ, ಕಾನ್ವೆಂಟಿನಲ್ಲಿ ಸೀಟು ಸಿಗಲಿಲ್ಲವೋ, ಕೇಳುವ ಧೈರ್ಯ ನನಗೆ ಆಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.