ಮೂರು ತಿಂಗಳ ಸೀಲು

ನಾನು ಒಂದು ರಬ್ಬರ್ ಸೀಲು. ಹಾಸನದ ಒಂದು ಸಣ್ಣ ಅಂಗಡಿಯಲ್ಲಿ ಖಲೀಲ್ ಸಾಹೇಬರು ನನ್ನ ಅಕ್ಷರಗಳನ್ನು ಕೊರೆದರು. "ಮೂರು ತಿಂಗಳು ಬಾಳಿದ್ರೆ ಸಾಕಂತೆ," ಎಂದು ಅಗ್ಗದ ಮರದ ಹಿಡಿ ಹಾಕಿದರು. ಹುಟ್ಟುವಾಗಲೇ ಸಾವಿನ ತಾರೀಖು ಗೊತ್ತಿತ್ತು. ಅದಕ್ಕೇ ಇರಬೇಕು, ನಾನು ಯಾರಿಗೂ ಹೆದರಲಿಲ್ಲ.

ನನ್ನ ಮೈಮೇಲಿದ್ದ ಮಾತು ಇಷ್ಟೇ: 'ದಂಡ ಮನ್ನಾ'. ಸಾಂಕ್ರಾಮಿಕ ಜ್ವರದ ವರ್ಷಗಳಲ್ಲಿ ತೆರಿಗೆ ವಿವರ ಸಲ್ಲಿಸದವರು, ತೆರಿಗೆ ಬಾಕಿ ಉಳಿಸಿಕೊಂಡವರು ಮೂರು ತಿಂಗಳೊಳಗೆ ಬಂದರೆ ದಂಡವಿಲ್ಲ ಎಂದು ಆದೇಶವಾಗಿತ್ತು. ತೆರಿಗೆ ಕಚೇರಿಯಲ್ಲಿ ಗುಮಾಸ್ತ ಚನ್ನವೀರಯ್ಯನವರ ಕೈಗೆ ನಾನು ಬಂದೆ. ಪಕ್ಕದಲ್ಲೇ 'ದಂಡ ವಿಧಿಸಿದೆ' ಎಂಬ ಹಿರಿಯ ಸೀಲು. ಬೆವರು ಕುಡಿದು ಅದರ ಹಿಡಿ ಕರ್ರಗಾಗಿತ್ತು. ನಾವಿಬ್ಬರೂ ಎಂದೂ ಮಾತಾಡಲಿಲ್ಲ.

ಆಯುಧಪೂಜೆಯನ್ನು ರಜೆಯ ಹಿಂದಿನ ದಿನವೇ ಮುಗಿಸುವುದು ಕಚೇರಿಯ ವಾಡಿಕೆ. ಆ ವರ್ಷ ಆದೇಶದ ಕೊನೆಯ ದಿನವೂ ಅದೇ ಆಗಿತ್ತು. ಅದನ್ನು ಮರೆತು ಚನ್ನವೀರಯ್ಯನವರು ಮಧ್ಯಾಹ್ನವೇ ನನ್ನನ್ನೂ ಉಳಿದ ಸೀಲುಗಳ ಜೊತೆ ಕೂರಿಸಿ, ಕುಂಕುಮ ಇಟ್ಟು, ಆರತಿ ಎತ್ತಿದರು. ಪೂಜೆಗೆ ಕೂತದ್ದನ್ನು ರಜೆ ಮುಗಿಯುವವರೆಗೆ ಮುಟ್ಟುವಂತಿಲ್ಲ.

ಆಮೇಲೆ ಫಿಲೋಮಿನಾ ಸಿಸ್ಟರ್ ಬಂದರು. ಜ್ವರದ ವಾರ್ಡಿನಲ್ಲಿ ದುಡಿದು, ಆ ಎರಡು ವರ್ಷ ವಿವರ ಸಲ್ಲಿಸದೇ ಉಳಿದಿದ್ದ ನರ್ಸು. ತೆರಿಗೆ ಕಟ್ಟಿದ ರಸೀತಿ ಕೈಯಲ್ಲಿತ್ತು.

"ಪೂಜೆ ಆಗೋಯ್ತು ಸಿಸ್ಟರ್. ಸೀಲು ಎತ್ತಂಗಿಲ್ಲ."

"ಇವತ್ತು ಒತ್ತದಿದ್ರೆ ದಂಡ ಬೀಳುತ್ತಲ್ಲ ಸಾರ್?"

"ಬೀಳುತ್ತೆ. ಕಟ್ಟಿಬಿಡಿ, ಅತ್ಲಾಗೆ."

"ತೆರಿಗೆ ಕಟ್ಟಿದೀನಿ. ದಂಡ ಮಾತ್ರ ಕಟ್ಟಲ್ಲ. ಕಟ್ಟಿದ್ರೆ ಆ ವಾರ್ಡಲ್ಲಿ ಇದ್ದಿದ್ದೇ ತಪ್ಪು ಅಂತ ನಾನೇ ಒಪ್ಪಿದಂಗೆ."

ಚನ್ನವೀರಯ್ಯನವರು ಕಡ್ಲೆಪುರಿಯ ಪೊಟ್ಟಣ ಮುಂದೆ ಸರಿಸಿದರು. ಸಿಸ್ಟರ್ ಮುಟ್ಟಲಿಲ್ಲ.

"ನಮ್ಮಲ್ಲೂ ಪೂಜೆ ಮಾಡ್ತಾರೆ ಸಾರ್. ಸಿರಿಂಜಿಗೆ ಕುಂಕುಮ ಇಟ್ಟಿದೀವಿ, ಇವತ್ತು ಇಂಜೆಕ್ಷನ್ ಇಲ್ಲ ಅಂತ ನಿಮ್ಮನ್ನ ಯಾವತ್ತಾದ್ರೂ ವಾಪಸ್ ಕಳಿಸಿದ್ವಾ?"

ಫ್ಯಾನಿನ ಗಾಳಿಗೆ ಹೂವಿನ ಎಸಳೊಂದು ನನ್ನ ಮೇಲಿಂದ ಜಾರಿತು. ಚನ್ನವೀರಯ್ಯನವರು ದೇವರ ಪಟದ ಕಡೆ ಒಮ್ಮೆ ನೋಡಿ, ನನ್ನನ್ನು ಎತ್ತಿ, ರಸೀತಿಯ ಮೇಲೂ ಅದರ ಕಚೇರಿ ಪ್ರತಿಯ ಮೇಲೂ ಒತ್ತಿದರು. ನೀಲಿ ಅಕ್ಷರಗಳ ಅಂಚಿಗೆ ಕುಂಕುಮ ಹತ್ತಿತು.

ರಜೆ ಮುಗಿದ ಮೇಲೆ ಕಚೇರಿಯ ಅಧಿಕಾರಿ ಸಾಹೇಬರು ಕುಂಕುಮ ಹತ್ತಿದ ಆ ಪ್ರತಿ ಹಿಡಿದು ಚನ್ನವೀರಯ್ಯನವರನ್ನು ಕೇಳಿದರು: "ಪೂಜೆಗಿಟ್ಟಿದ್ದ ಸೀಲು ಎತ್ತಿದ್ರೇನ್ರೀ?"

"ಎತ್ತಿದೆ ಸಾರ್. ಆರ್ಡರಿನ ವಾಯಿದೆ ಮುಗಿದಿರಲಿಲ್ಲ."

ಸದಾ ಬಗ್ಗಿರುತ್ತಿದ್ದ ಆ ಕತ್ತು ಅಂದು ಬಗ್ಗಲಿಲ್ಲ. ಸಾಹೇಬರು ಪ್ರತಿಯನ್ನು ಫೈಲಿಗೆ ಸೇರಿಸಿದರು.

ಆದೇಶದ ವಾಯಿದೆ ಮುಗಿದಿತ್ತಲ್ಲ, ಅದೇ ಸಂಜೆ ನನ್ನ ಅಕ್ಷರಗಳನ್ನು ಬ್ಲೇಡಿನಿಂದ ಕೆರೆಯಲು ಹೇಳಿದರು. ಚನ್ನವೀರಯ್ಯನವರು ಕೆರೆದರು. ಈಗ ಬೋಳು ಮೈಯವನಾಗಿ ಡ್ರಾಯರಿನ ಮೂಲೆಯಲ್ಲಿ, ತುಕ್ಕು ಹಿಡಿದ ಗುಂಡುಸೂಜಿಗಳ ನಡುವೆ ಬಿದ್ದಿದ್ದೇನೆ. ಮೇಲಿನಿಂದ ಹಿರಿಯ ಸೀಲಿನ ಸದ್ದು ದಿನವಿಡೀ ಕೇಳಿಸುತ್ತದೆ: ದಂಡ, ದಂಡ, ದಂಡ. ಬಡಿದುಕೊಳ್ಳಲಿ. ಫಿಲೋಮಿನಾ ಸಿಸ್ಟರ್ ಅವರ ರಸೀತಿಯ ಮೇಲೆ ಅದಕ್ಕೆ ಜಾಗವಿಲ್ಲ, ಅಲ್ಲಿ ನಾನಿದ್ದೇನೆ.