ಬಿಸ್ಕತ್ತಿನ ಡಬ್ಬಿಯ ತೂಕ

"ಇನ್ನೂರ ಎಂಬತ್ತೊಂಬತ್ತು," ಎಂದು ಅಪ್ಪ ಮೀಟರನ್ನು ಮಗಳ ಮೂಗಿನ ಹತ್ತಿರ ಹಿಡಿದ. "ಓದು. ನನ್ನ ಕಣ್ಣು ಸರಿ ಇಲ್ಲದೇ ಇರಬಹುದು, ನೀನೇ ಓದು."

ಮಗಳು ಓದಲಿಲ್ಲ. ರಕ್ತ ತೆಗೆದ ಬೆರಳನ್ನು ಚೀಪುತ್ತಾ ಅಡುಗೆಮನೆಯ ಮೇಜಿನ ಅಂಚನ್ನೇ ನೋಡುತ್ತ ಕೂತಳು. ಹದಿನಾಲ್ಕು ವರ್ಷದ ಹುಡುಗಿ. ಇಸ್ತ್ರಿ ಮಾಡಿದ ಸಮವಸ್ತ್ರ, ತೊಡೆಯ ಮೇಲೆ ಪರೀಕ್ಷೆಯ ರಟ್ಟು. ಹತ್ತು ಗಂಟೆಗೆ ಗಣಿತದ ಪರೀಕ್ಷೆ.

"ಮೊನ್ನೆ ಇನ್ನೂರ ನಲವತ್ತು, ನಿನ್ನೆ ಇನ್ನೂರ ಅರವತ್ತು. ಗಾಳಿ ಕುಡಿದು ಸಕ್ಕರೆ ಏರುತ್ತಾ? ಏನು ತಿಂದೆ?"

"ಏನೂ ತಿಂದಿಲ್ಲ ಅಪ್ಪಾ."

"ಹಾಗಿದ್ರೆ ಮೀಟರ್‌ಗೆ ನಿನ್ನ ಮೇಲೇನಾದ್ರೂ ಹಳೇ ದ್ವೇಷ ಇದೆಯಾ?"

ಅವನು ತಕ್ಕಡಿ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಔಷಧಿ ಅಂಗಡಿಯವರ ಪುಟ್ಟ ತಕ್ಕಡಿಯಿಂದ ಹಿಡಿದು ಗೋದಾಮಿನ ದೊಡ್ಡ ಕಾಟಾದವರೆಗೆ ಅವನ ಕೈ ಆಡದ ತೂಕದ ಯಂತ್ರ ಆ ಸುತ್ತಿನಲ್ಲಿ ಇರಲಿಲ್ಲ. ಮನುಷ್ಯರು ಸುಳ್ಳು ಹೇಳಿಯಾರು, ಮುಳ್ಳು ಹೇಳುವುದಿಲ್ಲ ಎಂಬುದು ಅವನ ವೇದವಾಕ್ಯ. ಮಗಳಿಗೆ ಹನ್ನೊಂದು ತುಂಬಿದ ವರ್ಷ ಸಕ್ಕರೆ ಕಾಯಿಲೆ ಬಂದು, ದಿನಕ್ಕೆ ನಾಲ್ಕು ಸೂಜಿ ಎಂದು ಡಾಕ್ಟರು ಹೇಳಿದಾಗ, ಹೆಂಡತಿಯನ್ನು ಆಗಲೇ ಕಳೆದುಕೊಂಡಿದ್ದ ಅವನು ಅಳುತ್ತ ಕೂರಲಿಲ್ಲ. ಒಂದು ಪುಸ್ತಕ ತಂದು ಗೆರೆ ಎಳೆದ. ಅಂದಿನಿಂದ ಒಂದು ಅಂಕಿಯೂ ತಪ್ಪಿಲ್ಲ.

ಆದರೆ ಕಳೆದ ಒಂದು ವರ್ಷದಿಂದ ಏನೋ ಎಡವಟ್ಟು. ತಿಂಗಳಿಗೊಮ್ಮೆ ನಾಲ್ಕೈದು ದಿನ ಸಕ್ಕರೆ ಲಗಾಮಿಲ್ಲದ ಕುದುರೆಯಂತೆ ಓಡುತ್ತಿತ್ತು, ಆಮೇಲೆ ತಾನಾಗಿಯೇ ಇಳಿಯುತ್ತಿತ್ತು. ಅವನು ಅದಕ್ಕೆ "ಬಾಯಿ ಚಪಲದ ವಾರ" ಎಂದು ಹೆಸರಿಟ್ಟ. ಡಾಕ್ಟರು ಮೂರು ತಿಂಗಳಿಗೊಮ್ಮೆ, "ಬೇರೇನಾದ್ರೂ ಬದಲಾವಣೆ ಇದೆಯಾ?" ಎಂದು ಕೇಳಿದಾಗಲೆಲ್ಲ ಮಗಳಿಗಿಂತ ಮೊದಲು ಅವನೇ, "ಏನಿಲ್ಲ ಡಾಕ್ಟ್ರೇ, ಕದ್ದು ತಿನ್ನೋದು ಕಲಿತಿದಾಳೆ ಅಷ್ಟೇ," ಎಂದುಬಿಡುತ್ತಿದ್ದ. ಮಗಳು ಪಕ್ಕದಲ್ಲಿ ಕಾಲಿನ ಹೆಬ್ಬೆರಳು ನೋಡುತ್ತಿದ್ದಳು. ಹೋದ ತಿಂಗಳಿನಿಂದ ಇನ್ಸುಲಿನ್ ಪೆನ್ನನ್ನೂ ಅವಳ ಕೈಯಿಂದ ಕಿತ್ತುಕೊಂಡು ತಾನೇ ಇಟ್ಟುಕೊಂಡಿದ್ದ.

"ಕೊನೇ ಸಲ ಕೇಳ್ತಿದೀನಿ. ನಿಜ ಹೇಳಿದ್ರೆ ಬೈಯಲ್ಲ."

ಮಗಳು ತಲೆ ಎತ್ತಿದಳು. ಏನೋ ಹೇಳಲು ಬಾಯಿ ತೆರೆದಳು, ಮುಚ್ಚಿದಳು. ಕಿವಿ ಕೆಂಪಾಯಿತು. ಆಮೇಲೆ ಒಂದೇ ಉಸಿರಿನಲ್ಲಿ, "ಹೂಂ, ತಿಂದೆ. ಬಿಸ್ಕತ್ತು. ಈಗ ಎದ್ದ ಕೂಡಲೇ. ನಾಲ್ಕು," ಅಂದಳು.

ಅಬ್ಬಾ, ಬಂತಲ್ಲ ಬಾಯಿಗೆ! ಅವನಿಗೆ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಾಯಿತು. ಲೆಕ್ಕ ಸರಿಹೋಯಿತಲ್ಲ. ತಿಂಡಿಗೆ ಆರು ಯೂನಿಟ್ಟು, ಏರಿದ ಸಕ್ಕರೆಗೆ ನಾಲ್ಕು, ಈಗಷ್ಟೇ ತಿಂದ ಬಿಸ್ಕತ್ತಿಗೆ ಮೂರು. ಒಟ್ಟು ಹದಿಮೂರು. ರಾತ್ರಿಯ ಇನ್ಸುಲಿನ್ನನ್ನು ಮೂರು ದಿನದಿಂದ ಹೇಗೂ ಏರಿಸಿದ್ದ. ಪೆನ್ನಿನ ತಿರುಪು ಕಟಕಟ ಎಂದು ತಿರುಗಿತು. ಮಗಳು ಅಂಕಿ ನೋಡಿದಳು. ಸೂಜಿ ಚುಚ್ಚಿಸಿಕೊಂಡು, ಬ್ರೆಡ್ಡು ಮೊಟ್ಟೆ ತಿಂದು, "ಹೋಗ್ಬರ್ತೀನಿ," ಎಂದು ಹೊರಟಳು.

ಹತ್ತು ಗಂಟೆ ದಾಟಿದ ಮೇಲೆ, ರಿಪೇರಿಗೆ ಬಂದ ಔಷಧಿ ತಕ್ಕಡಿಯನ್ನು ಸರಿಮಾಡಿ ಮುಗಿಸಿದಾಗ ಅವನಿಗೆ ಡಬ್ಬಿಯ ನೆನಪಾಯಿತು. ನಾಚಿಕೆಗೇಡಿನ ಅಭ್ಯಾಸವೆಂದು ಅವನಿಗೂ ಗೊತ್ತಿತ್ತು. ಆದರೂ ಎರಡು ತಿಂಗಳಿಂದ ದಿನಾ ಮಲಗುವ ಮುಂಚೆ ಬಿಸ್ಕತ್ತಿನ ಡಬ್ಬಿಯನ್ನು ತೂಗಿ, ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದ. ನಿನ್ನೆ ಬರೆದದ್ದು ಆರುನೂರ ನಲವತ್ತೆರಡು ಗ್ರಾಂ. ಒಂದು ಬಿಸ್ಕತ್ತು ಎಂಟು ಗ್ರಾಂ. ನಾಲ್ಕು ಹೋದರೆ ಆರುನೂರ ಹತ್ತು ಉಳಿಯಬೇಕು.

ಮುಳ್ಳು ಆರುನೂರ ನಲವತ್ತೆರಡಕ್ಕೆ ಬಂದು ನಿಂತಿತು.

ತಕ್ಕಡಿಯನ್ನೇ ಸಂಶಯಿಸಿದ. ಅಳತೆಯ ತೂಕದ ಕಲ್ಲು ಇಟ್ಟು ನೋಡಿದ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮುಚ್ಚಳ ತೆಗೆದು ಬಿಸ್ಕತ್ತು ಎಣಿಸಿದ. ಒಂದೂ ಕಡಿಮೆಯಾಗಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವನು ಕಂಡಿದ್ದ. ಕದಿಯದ ಕುಂಬಳಕಾಯಿಯನ್ನು ಕದ್ದೆ ಅನ್ನುವವರನ್ನು ಕಂಡಿರಲಿಲ್ಲ. ಏನಿದರ ತಲೆಬುಡ? ಬಿಸ್ಕತ್ತು ತಿಂದಿಲ್ಲವೆಂದಾದರೆ ಆ ಮೂರು ಯೂನಿಟ್ಟು ಯಾವುದರ ಮೇಲೆ ಹೋಯಿತು? ಸಕ್ಕರೆ ಇನ್ನೂರ ಎಂಬತ್ತೊಂಬತ್ತಿತ್ತಲ್ಲ, ಮೂರು ಹೆಚ್ಚಾದರೆ ಆಕಾಶವೇನೂ ಬೀಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಅಂಗಡಿಗೆ ಬಾಗಿಲು ಎಳೆದು ಪಕ್ಕದ ಮನೆಗೆ ಹೋದ.

ಪಕ್ಕದ ಮನೆಯ ಟೈಲರಮ್ಮ ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ರವಿಕೆಯ ತೋಳು ಕೂಡಿಸುತ್ತಿದ್ದಳು.

"ಅಕ್ಕಾ, ಬೆಳಿಗ್ಗೆ ನಮ್ಮ ಹುಡುಗಿ ನಿಮ್ಮಲ್ಲೇನಾದ್ರೂ ತಿಂದ್ಲಾ?"

ಅವಳು ಪಿನ್ನು ಉಗಿದಳು. "ಶುರುವಾಯ್ತಾ ನಿಮ್ಮ ಪೊಲೀಸ್ ತನಿಖೆ? ನನ್ನ ಮನೇಲಿ ತಿನ್ನೋಕೆ ಸೂಜಿ ದಾರ ಬಿಟ್ರೆ ಏನಿದೆ? ಬಂದಿದ್ಲು, ಸ್ಕೂಲಿಗೆ ಹೋಗ್ತಾ. ತಿನ್ನೋಕಲ್ಲ."

"ಮತ್ಯಾಕೆ?"

"ಹೆಂಗಸರ ವಿಷಯ. ಅದೆಲ್ಲ ನಿಮಗ್ಯಾಕೆ?"

"ಹೇಳಿ ಅಕ್ಕಾ. ಅವಳು ಮಾಡದ ತಪ್ಪು ಒಪ್ಕೊಂಡಿದಾಳೆ. ನನಗೆ ಕೈಕಾಲೇ ಆಡ್ತಿಲ್ಲ."

ಟೈಲರಮ್ಮ ಅವನ ಮುಖ ನೋಡಿ ಯಂತ್ರ ನಿಲ್ಲಿಸಿದಳು. "ಇವತ್ತು ಬೆಳಿಗ್ಗೆ ಮುಟ್ಟಾದ್ಲು. ಪ್ಯಾಡು ತಗೊಂಡು ಹೋದ್ಲು. ಪ್ರತಿ ತಿಂಗಳೂ ಅದೇ ಗೋಳು ರೀ. ಅದಕ್ಕೆ ಮುಂಚೆ ನಾಲ್ಕು ದಿನ ಆ ಮಗು ಮುಖ ಬಾಡಿಸ್ಕೊಂಡು ಬರತ್ತೆ. 'ಅತ್ತೆ, ನಾನೇನೂ ತಿಂದಿಲ್ಲ, ಅಪ್ಪ ಕಳ್ಳಿ ಅಂತಾರೆ' ಅಂತ ಅಳತ್ತೆ."

ಅವನು ಗೋಡೆಯ ಕಡೆ ನೋಡಿದ. ಕ್ಯಾಲೆಂಡರಿನ ಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ತಿಂಗಳಿಗೊಂದು ಸುತ್ತು. ವರ್ಷದ ಹಿಂದೆ ಮಗಳು ಮೊದಲ ಸಲ ಮುಟ್ಟಾದಾಗ, "ಅಕ್ಕಾ, ಅದನ್ನೆಲ್ಲ ನೀವೇ ನೋಡ್ಕೊಂಡ್ಬಿಡಿ," ಎಂದು ಹೇಳಿ ಮನೆಯಿಂದ ಎದ್ದು ಹೊರಗೆ ಹೋಗಿದ್ದವನು ಅವನೇ. ಸಂಜೆಯವರೆಗೆ ತಿರುಗಿ ಬಂದಿರಲಿಲ್ಲ.

ಓಡಿಹೋಗಿ ಸಕ್ಕರೆ ಲೆಕ್ಕದ ಪುಸ್ತಕ ತಂದ. ಸುತ್ತಿಗೊಂದು ಪುಟ ತೆಗೆದು ಹಿಡಿದ. ಪ್ರತಿ ನೀಲಿ ಸುತ್ತಿನ ಹಿಂದಿನ ದಿನಗಳಲ್ಲಿ ಇನ್ನೂರ ಮೂವತ್ತು, ಇನ್ನೂರ ಎಪ್ಪತ್ತು, ಮುನ್ನೂರು. ಸುತ್ತಿನ ದಿನ ಐವತ್ತೆಂಟು. ಇನ್ನೊಂದು ತಿಂಗಳು ಅರವತ್ತೊಂದು. ಹೋದ ತಿಂಗಳು ನಲವತ್ತೊಂಬತ್ತು. ಆ ನಲವತ್ತೊಂಬತ್ತು ಅವನಿಗೆ ಚೆನ್ನಾಗಿ ನೆನಪಿತ್ತು. ಹಟ ಮಾಡಿ ಊಟ ಬಿಟ್ಟಿದ್ದಾಳೆ ಎಂದು ಅದಕ್ಕೂ ಬೈದಿದ್ದ.

"ಮುಟ್ಟಿಗೆ ಮುಂಚೆ ಏರತ್ತೆ," ಎಂದು ಅವನು ತೊದಲಿದ. "ಬಂದ ದಿನ ಇಳಿಯತ್ತೆ. ಏರೋ ದಿನಕ್ಕೂ ಇಳಿಯೋ ದಿನಕ್ಕೂ ಒಂದೇ ಇನ್ಸುಲಿನ್ ಆಗಲ್ಲ. ಇವತ್ತು ಇಳಿಯೋ ದಿನ ಅಕ್ಕಾ. ನಾನು ಹದಿಮೂರು ಚುಚ್ಚಿದೀನಿ."

"ನಿಂತ್ಕೊಂಡು ಲೆಕ್ಕ ಒಪ್ಪಿಸ್ತೀರಲ್ರೀ, ಓಡ್ರೀ!"

ಶಾಲೆಗೆ ಫೋನು ಮಾಡಿದ; ರಿಂಗಾಗಿ ರಿಂಗಾಗಿ ನಿಂತಿತು, ಯಾರೂ ಎತ್ತಲಿಲ್ಲ. ಗ್ಲೂಕೋಸ್ ಪುಡಿಯ ಪೊಟ್ಟಣ, ಮೀಟರು ಜೇಬಿಗೆ ತುರುಕಿಕೊಂಡು ಸ್ಕೂಟರ್ ಹತ್ತಿದ. ದಾರಿಯಲ್ಲಿ ಒಂದು ಲಾರಿ ಅಡ್ಡ ನಿಂತು ಸಾಮಾನು ಇಳಿಸುತ್ತಿತ್ತು. ಅವನು ಸ್ಕೂಟರನ್ನು ಫುಟ್‌ಪಾತಿಗೆ ಹತ್ತಿಸಿ, ಬೈಗುಳ ತಿನ್ನುತ್ತಾ ನುಗ್ಗಿದ. ದೇವರೇ, ಕಳ್ಳಿ ಅಂತ ಕರೆದದ್ದೇ ನನ್ನ ಕಡೇ ಮಾತಾಗದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡ.

"ಪರೀಕ್ಷೆ ನಡೀತಿದೆ ಸ್ವಾಮಿ, ಬಿಡೋ ಹಾಗಿಲ್ಲ," ಎಂದು ಗೇಟಿನವನು ಕೋಲು ಅಡ್ಡ ಹಿಡಿದ. ಅಪ್ಪ ಕೋಲಿನ ಕೆಳಗೆ ಬಗ್ಗಿ ಓಡಿದ. ಪರೀಕ್ಷಾ ಕೊಠಡಿಯ ಹೊರಗೆ ಗೋಡೆಗುಂಟ ಮಕ್ಕಳ ಚೀಲಗಳ ಸಾಲು. ಅದರಲ್ಲಿ ಮಗಳ ಹಳದಿ ಚೀಲ. ಸಕ್ಕರೆ ಇಳಿದರೆ ತಿನ್ನಲೆಂದು ಇಟ್ಟುಕೊಂಡಿದ್ದ ಪೆಪ್ಪರಮಿಂಟು, ಬಿಸ್ಕತ್ತಿನ ಪೊಟ್ಟಣ ಎಲ್ಲ ಅದರೊಳಗೆ, ಅವಳು ಗೋಡೆಯ ಆಚೆಗೆ.

ಮೇಲ್ವಿಚಾರಣೆಗೆ ಬೇರೆ ಶಾಲೆಯಿಂದ ಬಂದಿದ್ದ ಮೇಡಮ್ಮು ಬಾಗಿಲಲ್ಲೇ ತಡೆದರು. "ಯಾರು ಬೇಕು?" ಅವನು ಬೆರಳು ತೋರಿಸಿದ. "ಮೂರನೇ ಸಾಲಿನವಳಾ? ಆಗಲಿಂದ ಮಲಗಿದಾಳೆ. ಎರಡು ಸಲ ಎಬ್ಬಿಸಿದೆ. ರಾತ್ರಿಯೆಲ್ಲ ಓದಿರ್ತಾರೆ, ಪಾಪ..."

ಅವನು ಅವರನ್ನು ದಾಟಿ ಒಳಗೆ ಓಡಿದ. ಮಗಳ ಹಣೆ ಉತ್ತರಪತ್ರಿಕೆಯ ಮೇಲಿತ್ತು. ಪೆನ್ನಿನ ಗೆರೆಯೊಂದು ಲೆಕ್ಕದ ನಡುವಿನಿಂದ ಹೊರಟು ಹಾಳೆಯಾಚೆ ಡೆಸ್ಕಿನವರೆಗೂ ಎಳೆದುಕೊಂಡು ಹೋಗಿತ್ತು. ಕುತ್ತಿಗೆ ತಣ್ಣಗೆ, ಕಾಲರು ಒದ್ದೆ. "ಮಗಳೇ," ಎಂದು ಗಲ್ಲ ತಟ್ಟಿದ. ಕಣ್ಣು ಅರ್ಧ ತೆರೆದಳು. "ಇದು ಬರ್ತಾ ಇಲ್ಲ ಅಪ್ಪಾ," ಎಂದಳು, ನಾಲಿಗೆ ದಪ್ಪಗಾಗಿತ್ತು.

ಎತ್ತಿಕೊಂಡು ಹೊರಗಿನ ಬೆಂಚಿಗೆ ತಂದ. ಮೀಟರು ಮೂವತ್ತೆಂಟು ಅಂದಿತು. ಗ್ಲೂಕೋಸನ್ನು ಮೇಡಮ್ಮು ಕೊಟ್ಟ ನೀರಿನಲ್ಲಿ ಕಲಸಿ ಕೆನ್ನೆಯೊಳಗೆ ಸವರಿದ. "ನುಂಗು ಪುಟ್ಟಾ, ನುಂಗು. ಇನ್ನೊಂದು ಸಲ." ಅವಳು ನುಂಗಿದಳು. ಹದಿನೈದು ನಿಮಿಷ ಕಾಯಬೇಕು. ಹದಿನೈದು ನಿಮಿಷ ಎಷ್ಟು ಉದ್ದವೆಂದು ಅವನಿಗೆ ಅಂದು ಗೊತ್ತಾಯಿತು. ನಲವತ್ತಾರು. ಮತ್ತೆ ಕಲಸಿದ. ಅರವತ್ತೆಂಟು. ಆಮೇಲೆ ತೊಂಬತ್ತೆರಡು. ಮಗಳ ತುಟಿಗೆ ಬಣ್ಣ ಬಂತು; ಅಪ್ಪನ ಕಣ್ಣಿನಿಂದ ನೀರು ಇಳಿಯಿತು, ಅವನು ಒರೆಸಿಕೊಳ್ಳಲಿಲ್ಲ.

"ನೀನು ಬಿಸ್ಕತ್ತು ತಿಂದಿರಲಿಲ್ಲ."

"ತೂಕ ಹಾಕಿದ್ಯಾ?" ಎಂದಳು ಮಗಳು. "ರಾತ್ರಿ ಹಾಕ್ತೀಯ ಅಂದ್ಕೊಂಡಿದ್ದೆ."

"ಮತ್ಯಾಕೆ ತಿಂದೆ ಅಂದೆ?"

ಅವಳು ಗ್ಲೂಕೋಸು ಮೆತ್ತಿದ ತುಟಿ ಒರೆಸಿಕೊಂಡಳು. "ಅದು ಹೇಳೋದು ಸುಲಭ ಇತ್ತು. ಇನ್ನೊಂದು ಹೇಳಿದ್ರೆ ನೀನು ಎದ್ದು ಹೊರಗೆ ಹೋಗ್ತಿದ್ದೆ."

ಅವನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಎರಡು ಮಾರು ದೂರದಲ್ಲಿ ಮೇಡಮ್ಮು, ಅವರ ಹಿಂದೆ ಗೇಟಿನವನು ನಿಂತಿದ್ದರು. ಅವನು ಏಳಲಿಲ್ಲ. "ಇವತ್ತು ಮೊದಲನೇ ದಿನ ಅಲ್ವಾ?" ಎಂದು ಮೆಲ್ಲಗೆ ಕೇಳಿದ.

ಮಗಳು ಬೆಚ್ಚಿ ನೋಡಿದಳು. "ಹೂಂ."

"ಹೊಟ್ಟೆ ನೋಯ್ತಿದೆಯಾ?"

"ಸ್ವಲ್ಪ."

"ತಪ್ಪಾಯ್ತು ಕಣೇ. ಇನ್ಮೇಲೆ ಪೆನ್ನು ನಿನ್ನ ಹತ್ರಾನೇ ಇರಲಿ. ಡಾಕ್ಟ್ರ ಹತ್ರ ನೀನೇ ಮಾತಾಡು. ನಾನು ಪಕ್ಕದಲ್ಲಿ ಕೂತಿರ್ತೀನಿ, ಬಾಯಿ ಮುಚ್ಕೊಂಡು."

ಅವಳು ಮೇಡಮ್ಮರ ಕಡೆ ತಿರುಗಿ, "ಇನ್ನೆಷ್ಟು ಟೈಮಿದೆ ಮೇಡಮ್? ನನಗೆ ಲೆಕ್ಕ ಬರುತ್ತೆ," ಎಂದಳು.

ಒಂದು ಗಂಟೆಯ ಮೇಲಿತ್ತು. ಅಪ್ಪ ಬೇಡವೆನ್ನಲು ಬಾಯಿ ತೆರೆದವನು, ಮಗಳ ಮುಖ ನೋಡಿ ಮೀಟರು ತೆಗೆದ. ಇನ್ನೊಮ್ಮೆ ಬೆರಳು ಚುಚ್ಚಿ ನೋಡಿದರು, ನೂರ ಹದಿನಾಲ್ಕು. ಅವಳು ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಎರಡು ತಿಂದು, ಪೆಪ್ಪರಮಿಂಟು ಹಿಡಿದುಕೊಂಡು ಎದ್ದಳು.

"ಒಳಗೆ ತಿನ್ನೋ ಪದಾರ್ಥ..." ಎಂದು ಅಭ್ಯಾಸಬಲದಿಂದ ಶುರುಮಾಡಿದ ಮೇಡಮ್ಮು ಅರ್ಧಕ್ಕೇ ನಿಲ್ಲಿಸಿ, "ಡೆಸ್ಕಿನ ಮೇಲೇ ಇಟ್ಕೊಳಮ್ಮ," ಎಂದರು. "ನೀವು ಹೊರಡಿ ಸರ್, ನಾನು ನೋಡ್ಕೊಳ್ತೀನಿ."

"ಇಲ್ಲೇ ಇರ್ತೀನಿ," ಎಂದ ಅವನು.

ಬೆಂಚಿನಿಂದ ಕಿಟಕಿಯೊಳಗೆ ಮೂರನೇ ಸಾಲು ಕಾಣುತ್ತಿತ್ತು. ಕೊಠಡಿಯಲ್ಲಿ ಪೆನ್ನುಗಳ ಸದ್ದು ಬಿಟ್ಟರೆ ಏನಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಗಳು ಪೆನ್ನು ಕೆಳಗಿಟ್ಟು, ಒಂದು ಪೆಪ್ಪರಮಿಂಟಿನ ಕಾಗದ ಬಿಚ್ಚಿದಳು. ಆ ಚರಚರ ಸದ್ದಿಗೆ ನಲವತ್ತು ತಲೆಗಳು ಅವಳತ್ತ ತಿರುಗಿದವು. ಅವಳು ಎಲ್ಲರೆದುರೇ ಅದನ್ನು ಬಾಯಿಗೆ ಹಾಕಿಕೊಂಡಳು, ಒಂದು ಕೆನ್ನೆ ಉಬ್ಬಿತು. ಸ್ಕೇಲು ಇಟ್ಟು ನೇರವಾಗಿ ಒಂದು ಗೆರೆ ಎಳೆದಳು.