ವರತಿಯಲ್ಲಿ ಕುಳಿತವರು

“ಕುಡುಗೋಲು ಕೆಳಗಿಡು, ಸೂಳೆಮಗನೇ! ಕೈ ಮೇಲೆತ್ತು!”

ಬಂದೂಕಿನ ಹಿಡಿ ಸೂರ್ಯಕಾಂತನ ಬೆನ್ನಿಗೆ ಬಿತ್ತು. ಅವನು ನನ್ನ ಗಂಡ. ನಾವು ಭೀಮಾ ದಂಡೆಯಲ್ಲಿ, ಗೌಡರ ಹೊಲದ ಹತ್ತಿಕಟ್ಟಿಗೆ ಕಡಿಯುತ್ತಿದ್ದೆವು. ಅಫಜಲಪುರದ ಕಡೆಯಿಂದ ಬಂದ ವ್ಯಾನುಗಳಿಂದ ಸಶಸ್ತ್ರ ಪೊಲೀಸರು ಇಳಿದು ನಮ್ಮನ್ನು ಸುತ್ತುವರಿದರು.

“ದರೋಡೆಕೋರರು ಎಲ್ಲಿ?” ತುಕಡಿಯ ಸಾಹೇಬ ಅಜಯಕುಮಾರ ಕೇಳಿದ. “ನದಿ ದಾರಿಯಲ್ಲಿ ಗಾಡಿ ತಡೆಯೋರು ಯಾರು?”

“ಇಲ್ಲಿ ಅಂಥಾವ್ರು ಯಾರೂ ಇಲ್ರಿ ಸಾಹೇಬ್ರ,” ಎಂದಳು ಅತ್ತೆ ಮಲ್ಕಮ್ಮ. “ಕೂಲಿ ಮಂದಿ ಅದೇವ್ರಿ ನಾವು.”

“ನಿನ್ನ ಕೇಳಿದ್ನೇನೆ?”

ಗೌಡರ ಕಾರಭಾರಿ ಬದುವಿನ ಮೇಲೆ ನಿಂತು ನಗುತ್ತಿದ್ದ. “ಇವ್ರೇ ನೋಡ್ರಿ ಸರ, ಈ ಕೇರಿ ಭಾಡಕೌಗೋಳು. ಕುಡುಗೋಲು ಹೆಂಗ ಹಿಡದಾವ ನೋಡ್ರಿ.”

ಮುಂಜಾನೆ ಆ ಕುಡುಗೋಲುಗಳನ್ನು ನಮ್ಮ ಕೈಗೆ ಕೊಟ್ಟವನು ಅವನೇ.

ಸೂರ್ಯಕಾಂತನಿಗೆ ಬೇಡಿ ಹಾಕಿ ನಮ್ಮನ್ನೆಲ್ಲ ಕೇರಿಗೆ ನಡೆಸಿದರು. ನಮ್ಮ ಮನೆ ಹೊಕ್ಕು ಬುದ್ಧನ ಪಟದ ಹಿಂದೆ ಕೈ ಹಾಕಿ ತಡಕಿದರು. ಜೋಳದ ಚೀಲ ಹರಿದು ನೆಲಕ್ಕೆ ಸುರಿದರು. ಒಬ್ಬ ನೀರಿನ ಕೊಡವನ್ನು ಬೂಟಿನಿಂದ ಉರುಳಿಸಿ ತಳ ನೋಡಿದ.

ಜೋಳ ಚೆಲ್ಲಿದಾಗ ಸುಮ್ಮನಿದ್ದ ಅತ್ತೆ, ನೀರು ಹೊಸ್ತಿಲು ದಾಟಿದಾಗ ಎದ್ದು ನಿಂತಳು. ಬೇಸಿಗೆಗೆ ನದಿ ಬತ್ತಿದರೆ ಉಸುಕು ತೋಡಿ, ತಳದಲ್ಲಿ ಜಿನುಗುವ ವರತಿಯ ನೀರನ್ನೇ ನಮ್ಮ ಕೇರಿ ಕುಡಿಯಬೇಕು. ಗೌಡರು ಆ ಉಸುಕನ್ನೇ ಅಗೆಸಿ ಮಾರುತ್ತಿದ್ದರು. ಹೋದ ಅಮಾಸಿಗೆ ಕೇರಿಯವರೆಲ್ಲ ದಾರಿಗೆ ಜಾಲಿಮುಳ್ಳು ಎಳೆದು ಅವರ ಟ್ರ್ಯಾಕ್ಟರುಗಳನ್ನು ನಿಲ್ಲಿಸಿದ್ದೆವು. ದರೋಡೆಕೋರರ ಸುದ್ದಿ ಹುಟ್ಟಿದ್ದು ಆಮೇಲೆ.

“ಗಾಡಿ ತಡದವ್ರು ನಾವರೀ,” ಎಂದಳು ಅತ್ತೆ. “ಮುಳ್ಳು ಎಳದಾಕಿ ನಾನ. ನನ್ನ ಮಗನ್ನ ಬಿಡ್ರಿ.”

“ಯವ್ವಾ, ಸುಮ್ನಿರು!” ಸೂರ್ಯಕಾಂತ ಕೂಗಿದ. ಅವನ ಬಾಯಿಗೆ ಏಟು ಬಿತ್ತು.

“ಯಾಕ ತಡದೇವು ಅಂತ ಕಣ್ಲೆ ನೋಡ್ರಿ, ಬರ್ರಿ.” ಅತ್ತೆ ನದಿಯ ಕಡೆ ನಡೆದೇಬಿಟ್ಟಳು. ಸೂರ್ಯಕಾಂತನನ್ನು ಇಬ್ಬರ ಕಾವಲಿಗೆ ಬಿಟ್ಟು ಉಳಿದ ಪೊಲೀಸರು, ಸಾಹೇಬ, ಕಾರಭಾರಿ ಹಿಂದೆ ಓಡಿದರು. ಕೇರಿಯ ಹೆಂಗಸರೂ ಬಂದರು.

ಹಾಡಹಗಲೇ ಜೆಸಿಬಿ ಉಸುಕು ತೋಡುತ್ತಿತ್ತು. ಅದರ ಪಕ್ಕದಲ್ಲೇ ನಮ್ಮ ವರತಿಯ ಗುಂಡಿಗಳಲ್ಲಿ ಒಂದು ಮಾತ್ರ ಉಳಿದಿತ್ತು. ಸಾಹೇಬ ಟೋಪಿ ತೆಗೆದು ನೋಡುತ್ತ ನಿಂತ. ಕಾರಭಾರಿ ತನ್ನ ಮೊಬೈಲು ಅವನ ಕಿವಿಗೆ ಹಿಡಿದ.

“ಹೌದು ಸರ್... ಸರಿ ಸರ್.”

ಆಮೇಲೆ ಸಾಹೇಬ ನದಿಯತ್ತ ನೋಡಲಿಲ್ಲ. “ಒಪ್ಪಿಕೊಂಡಳಲ್ಲ, ಇವಳನ್ನೂ ವ್ಯಾನಿಗೆ ಹತ್ತಿಸಿ.”

ಅತ್ತೆ ವರತಿಯೊಳಗೆ ಇಳಿದು ಕೂತುಬಿಟ್ಟಳು. ನೀರು ಅವಳ ಮಡಿಲು ಮುಟ್ಟಿತು.

“ಎತ್ರಿ ನೋಡೋಣು,” ಎಂದಳು.

“ಏ ಮುದಿರಂಡಿ, ಮ್ಯಾಲ ಬಾ ಬೇ!” ಕಾರಭಾರಿ ಒದರಿದ.

ನಾನು ಸೀರೆ ಎತ್ತಿ ಕಟ್ಟಿದೆ.

“ಯಶೋಧರಾ, ನೀ ಮನಿಗಿ ಹೋಗು,” ಎಂದಳು ಅತ್ತೆ.

ನಾನು ಇಳಿದು ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತೆ. ನನ್ನ ಹಿಂದೆ ನೆರೆಮನೆಯ ದ್ರೌಪದಿ ಇಳಿದಳು. ಜಾಗ ಸಾಲದೆ ಉಳಿದವರು ಅಂಚಿನ ಸುತ್ತ ಕೂತರು. ಪೊಲೀಸರು ಲಾಠಿ ಹಿಡಿದು ಸಾಹೇಬನ ಮುಖ ನೋಡಿದರು.

“ನಡಸಲೇ ಮುಜಮ್ಮಿಲ!” ಕಾರಭಾರಿ ಜೆಸಿಬಿ ನಡೆಸುವವನಿಗೆ ಚೀರಿದ. “ನಾ ಅದೇನಿ, ನಡಸು!”

ಮುಜಮ್ಮಿಲ ಸಾಹೇಬನನ್ನು ನೋಡಿದ. ಸಾಹೇಬ ಟೋಪಿ ಹಾಕಿಕೊಂಡ. ಇಂಜಿನು ಗುಡುಗುತ್ತಲೇ ಇತ್ತು. ಮೇಲೆ ತೂಗುತ್ತಿದ್ದ ಕಬ್ಬಿಣದ ಹಲ್ಲುಗಳಿಂದ ಒದ್ದೆ ಉಸುಕು ನಮ್ಮ ತಲೆಯ ಮೇಲೆ ಉದುರತೊಡಗಿತು.